ತಬಸ್ಸುಮಳ ಬೆಂಚಿಗೆ ಬಿದ್ದ ಚೀಟಿ

ಅರ್ಜುನಣ್ಣನಿಗೆ,

ತೀರ್ಥರೂಪ ಸಮಾನನಾದ ಅಣ್ಣನಿಗೆ ನಿನ್ನ ತಂಗಿಯ ನಮಸ್ಕಾರಗಳು ಎಂದು ಬರೆಯಬೇಕಿತ್ತು. ಸಾಲಿಯಲ್ಲಿ ಹಾಗೇ ಕಲಿಸಿದ್ದಾರೆ. ಬರೆಯಲು ಕೈ ಏಳಲಿಲ್ಲ. ಇತ್ತ ಎಲ್ಲರೂ ಕ್ಷೇಮ ಎಂದೂ ಬರೆಯಲಾರೆ, ಏಕೆಂದರೆ ಇತ್ತ ಯಾರೂ ಕ್ಷೇಮವಾಗಿಲ್ಲ, ಅದಕ್ಕೆ ಕಾರಣ ನೀನು. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನೀನು ನಗಬಹುದು. ನೀನು ಫೋನ್ ಎತ್ತಿದ್ದರೆ ನಾನೂ ಬರೆಯುತ್ತಿರಲಿಲ್ಲ. ಮೊದಮೊದಲು ರಿಂಗಾಗುತ್ತಿತ್ತು, ನೀನು ಎತ್ತುತ್ತಿರಲಿಲ್ಲ. ಈಗ ರಿಂಗೂ ಆಗುವುದಿಲ್ಲ. ಒಡಹುಟ್ಟಿದ ತಂಗಿಯ ನಂಬರನ್ನು ಬ್ಲಾಕ್ ಮಾಡುವಷ್ಟು ದೊಡ್ಡವನಾಗಿದ್ದೀಯ. ಇರಲಿ. ವೀರಪ್ಪ ಕಾಕಾ ನಾಳೆ ಟ್ರ್ಯಾಕ್ಟರ್ ತೆಗೆದುಕೊಂಡು ನೀನಿರುವ ಬೈಲಹೊಂಗಲದ ಕಡೆಗೇ ಕಬ್ಬು ಸಾಗಿಸಲು ಬರುತ್ತಾರೆ. ಈ ಕಾಗದವನ್ನು ನಿನ್ನ ಕೈಗೇ ಕೊಟ್ಟು, ನೀನು ಕೊನೆಯವರೆಗೆ ಓದುವ ತನಕ ಎದುರಿಗೇ ನಿಂತಿರಬೇಕೆಂದು ಅವರಿಗೆ ಹೇಳಿದ್ದೇನೆ. ಅವರನ್ನು ಬ್ಲಾಕ್ ಮಾಡುವುದು ನಿನ್ನ ಕೈಯಲ್ಲಿ ಆಗದು.

ಮೊದಲು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟು. ಬರುವ ಗುರುವಾರ ಬೆಳಗಾವಿಯ ವಿಶ್ವವಿದ್ಯಾಲಯದಲ್ಲಿ ನನ್ನ ಗೆಳತಿ ತಬಸ್ಸುಮಳ ವಿಚಾರಣೆ ಇದೆ. ಪರೀಕ್ಷೆಯಲ್ಲಿ ಕಾಪಿ ಮಾಡುವಾಗ ಸಿಕ್ಕಿಬಿದ್ದವಳು ಎಂದು ಅವಳ ಮೇಲೆ ಬರೆದಿದ್ದಾರೆ. ಅವಳ ಮುಂದೆ ಬಿದ್ದದ್ದು ನೀನು ನನಗಾಗಿ ಕಿಟಕಿಯಿಂದ ಒಗೆದ ಚೀಟಿ. ನೀನು ಅಲ್ಲಿಗೆ ಬಂದು ಅಷ್ಟನ್ನು ಹೇಳಿದರೆ ಅವಳು ಪಾರಾಗುತ್ತಾಳೆ. ಹೇಳದಿದ್ದರೆ ಅವಳು ಮುಂದಿನ ಪರೀಕ್ಷೆಗಳಿಗೂ ಕೂರುವಂತಿಲ್ಲ. ಸವದತ್ತಿಯ ಆ ಸಣ್ಣ ಇಂಗ್ಲಿಷ್ ಶಾಲೆಯವರು ಒಂದನೇ ಕ್ಲಾಸಿಗೆ ಟೀಚರ್ ಎಂದು ಅವಳನ್ನು ಜೂನ್‌ನಿಂದ ತೆಗೆದುಕೊಳ್ಳುವವರಿದ್ದರು. ಡಿಗ್ರಿ ಇಲ್ಲದವಳನ್ನು, ಅದರಲ್ಲೂ ಇಂಗ್ಲಿಷ್ ಪೇಪರಿನಲ್ಲೇ ಚೀಟಿ ಹಿಡಿದು ಸಿಕ್ಕವಳನ್ನು, ಅವರು ಗೇಟಿನ ಒಳಗೂ ಬಿಡುವುದಿಲ್ಲ.

ಇಷ್ಟೇ ವಿಷಯ. ಇನ್ನು ಸಿಟ್ಟಿನ ಭಾಗ ಓದು.

ಬಿ.ಎ.ಯಲ್ಲಿ ನನಗೆ ಉಳಿದದ್ದು ಇಂಗ್ಲಿಷ್ ಒಂದೇ. ಎರಡು ಸಲ ಬಿದ್ದಿದ್ದೆ. ಆ ಎರಡು ಸಲ ನಾನು ಓದಿದ ಚೆಂದ ನೀನೇ ಕಂಡಿದ್ದೀಯ. ಗೈಡಿನಲ್ಲಿದ್ದ ಪ್ರಬಂಧಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಗಿಣಿಯ ಹಾಗೆ ಬಾಯಿಪಾಠ ಮಾಡುವುದು. ಅರ್ಥ ಯಾರಿಗೆ ಬೇಕು? ನಮ್ಮ ಕಡೆ ಅಕ್ಕಂದಿರು ಹಾಗೇ ಓದಿದರು, ಅಣ್ಣಂದಿರು ಹಾಗೇ ಓದಿದರು, ನಾನೂ ಹಾಗೇ ಓದಿದೆ. ಎರಡನೇ ಸಲ ಪರಿಸರ ಮಾಲಿನ್ಯದ ಪ್ರಬಂಧ ಅರ್ಧಕ್ಕೆ ಮರೆತುಹೋಗಿ, ಉಳಿದ ಅರ್ಧಕ್ಕೆ ದೀಪಾವಳಿಯ ಪ್ರಬಂಧ ಬರೆದು ಬಂದಿದ್ದೆ. ಹೊಗೆ, ಧೂಳು, ಕೊಳಚೆ ನೀರು, ಆಮೇಲೆ ನಾವೆಲ್ಲ ಹೊಸ ಬಟ್ಟೆ ತೊಟ್ಟು ಹೋಳಿಗೆ ಉಂಡೆವು! ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಾನೂ ನಿನ್ನ ಜೊತೆ ಸೇರಿ ನಕ್ಕಿದ್ದೆ.

ತಬಸ್ಸುಮ್ ನಗಲಿಲ್ಲ. ಅವಳಿಗೂ ಅದೇ ಪೇಪರ್ ಉಳಿದಿತ್ತು, ಆದರೆ ಬಿದ್ದದ್ದರಿಂದಲ್ಲ, ಪರೀಕ್ಷೆಯ ವಾರ ಟೈಫಾಯಿಡ್ ಆಗಿ ಮಲಗಿದ್ದರಿಂದ. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಕೂತು ಅಷ್ಟು ಹೇಗೆ ಕಲಿತಳೋ ನನಗೆ ಇಂದಿಗೂ ಬೆರಗು. ಅವಳು ನನ್ನ ಗೈಡನ್ನು ಕಸಿದುಕೊಂಡು ಹೇಳಿದಳು: "ಮಾನಂದಾ, ಇದನ್ನ ಒಲಿಗೆ ಹಾಕು. ಬಾಯಿಪಾಠ ಮಾಡಿ ಸಾಕಾಗಿಲ್ಲೇನ ನಿನಗ? ನಾಳಿಂದ ನಾವಿಬ್ರೂ ಮಾತಾಡೂಣು."

ಮಾತಾಡಿದೆವು. ನಾನು ರಾಮದುರ್ಗಕ್ಕೆ ಕಂಪ್ಯೂಟರ್ ಕ್ಲಾಸಿಗೆ, ಅವಳು ಅಲ್ಲೇ ಒಂದು ಬಟ್ಟೆ ಅಂಗಡಿಯ ಕೆಲಸಕ್ಕೆ, ಇಬ್ಬರಿಗೂ ಒಂದೇ ಬಸ್ಸು. ಕಟಕೋಳದಲ್ಲಿ ಹತ್ತಿದ ಮೇಲೆ ರಾಮದುರ್ಗದಲ್ಲಿ ಇಳಿಯುವ ತನಕ ಇಂಗ್ಲಿಷ್ ಮಾತ್ರ. ಮೊದಲು ಕನ್ನಡ ಆಡಿದವಳು ಇಬ್ಬರ ಬುತ್ತಿ ಚೀಲವನ್ನೂ ಹೊರಬೇಕು. ಆರಂಭದಲ್ಲಿ ಎರಡೂ ಚೀಲ ನನ್ನ ಹೆಗಲ ಮೇಲೇ ಇರುತ್ತಿದ್ದವು. ಬಸ್ಸಿನ ಜನ ನಮ್ಮನ್ನು ನೋಡಿ ನಕ್ಕಿದ್ದೆಷ್ಟು! ಸಂತೆಗೆ ಹೊರಟ ಒಬ್ಬ ಅಜ್ಜಿ ಕೇಳಿದಳು: "ಏನವ್ವಾ, ನೀವಿಬ್ರೂ ಜಗಳಾ ಮಾಡಾಕ ಹತ್ತೀರೇನ, ಇಲ್ಲಾ ದೇವರ ಬಂದೈತೇನ ಮೈಯಾಗ?" ಕಿಟಕಿಯ ಹೊರಗೆ ಕಂಡದ್ದನ್ನೆಲ್ಲ ಹೇಳಬೇಕಿತ್ತು. ಎತ್ತು ಕಂಡರೆ ಎತ್ತು, ಅದರ ಮೇಲೆ ಕೂತ ಬೆಳ್ಳಕ್ಕಿ, ಅದನ್ನು ಓಡಿಸುವವನು, ಅವನು ನಿನ್ನೆ ಏನು ಮಾಡಿದ, ನಾಳೆ ಏನು ಮಾಡುವನು. ಪದ ಗೊತ್ತಿಲ್ಲದಿದ್ದರೆ ಅವಳು ಹೇಳುತ್ತಿರಲಿಲ್ಲ, ಬೇರೆ ಪದದಿಂದ ಸುತ್ತಿ ಬಳಸಿ ಹೇಳು ಎನ್ನುತ್ತಿದ್ದಳು. ಒಮ್ಮೆ ಬೆಳ್ಳಕ್ಕಿಯನ್ನು 'ಬಿಳಿ ಅಂಗಿ ತೊಟ್ಟ ಕಾಗೆಯ ಬೀಗರು' ಎಂದೆ. ಅವಳು ನಕ್ಕು ನಕ್ಕು ಕನ್ನಡದಲ್ಲಿ ಬೈದಳು, ಚೀಲ ಹೊತ್ತಳು.

ಮನೆಯಲ್ಲೂ ಬಿಡಲಿಲ್ಲ. ಗೊಬ್ಬರದ ಚೀಲದ ಮೇಲೆ, ಬಿಸ್ಕಿಟ್ ಪುಡಿಕೆಯ ಹಿಂದೆ, ಅಪ್ಪನ ಬಿ.ಪಿ. ಗುಳಿಗೆಯ ಡಬ್ಬಿಯೊಳಗೆ ಮಡಚಿಟ್ಟ ಹಾಳೆಯಲ್ಲಿ, ಎಲ್ಲೆಲ್ಲಿ ಇಂಗ್ಲಿಷ್ ಇದೆಯೋ ಅಲ್ಲೆಲ್ಲ ಓದಿದೆ. ರೊಟ್ಟಿ ಬಡಿಯುತ್ತ ವಾಕ್ಯ ತಿರುಗಿಸುತ್ತಿದ್ದೆ. ಅರ್ಜುನ್ ಈಟ್ಸ್ ರೊಟ್ಟಿ. ರೊಟ್ಟಿ ಈಸ್ ಈಟನ್ ಬೈ ಅರ್ಜುನ್. ನೀನು ಉಣ್ಣುತ್ತ ಕೂತವನು ಕೇಳಿದ್ದೆ: "ನಾ ತಿನ್ನೂದನ್ನ ಇಷ್ಟ ಸುತ್ತ ಹಾಕಿ ಯಾಕ ಹೇಳಬೇಕವಾ? ತಿಂದ ಅಂದ್ರ ಮುಗೀತಿಲ್ಲ?" ಅವ್ವ ಕೂಡ ಎಮ್ಮೆಗೆ 'ಕಮ್, ಕಮ್' ಎನ್ನತೊಡಗಿದ್ದಳು. ಆ ದಿನಗಳು ಎಷ್ಟು ಚೆನ್ನಾಗಿದ್ದವು. ಎಲ್ಲರೂ ನನ್ನ ಇಂಗ್ಲಿಷಿಗೆ ನಗುತ್ತಿದ್ದಿರಿ, ಆದರೆ ಅದು ದಿನದಿನಕ್ಕೂ ಬರುತ್ತಿತ್ತು. ಒಂದು ಮುಂಜಾನೆ ಬಸ್ಸಿನಲ್ಲಿ ನನಗೇ ಗೊತ್ತಿಲ್ಲದಂತೆ ಇಡೀ ದಾರಿ ಮಾತಾಡಿದ್ದೆ. ಇಳಿದ ಮೇಲೆ ತಬಸ್ಸುಮ್ ನನ್ನ ಚೀಲವನ್ನು ತಾನೇ ಕೇಳಿ ಇಸಿದುಕೊಂಡಳು. ಸೋತಿದ್ದಕ್ಕಲ್ಲ, ಖುಷಿಗೆ.

ನೀನು ಮಾತ್ರ ನಂಬಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದೆ: "ಇಂಗ್ಲೀಷ್ ನಮ್ಮ ಮನೆತನಕ್ಕ ಹತ್ತೂದಲ್ಲವಾ. ಸುಮ್ನ ತಲಿ ಕೆಡಿಸ್ಕೋಬ್ಯಾಡ. ನಾ ಅದೇನಲ್ಲ?" ಅಣ್ಣ ಪ್ರೀತಿಯಿಂದ ಧೈರ್ಯ ಹೇಳುತ್ತಿದ್ದಾನೆ ಎಂದುಕೊಂಡೆ. ನಾ ಅದೇನಿ ಅಂದರೆ ಕಿಟಕಿಗೆ ಬಂದು ನಿಲ್ಲುತ್ತೇನೆ ಎಂದು ನನಗೆ ಹೊಳೆಯಲಿಲ್ಲ.

ಹೊಳೆಯಬೇಕಿತ್ತು ಎನ್ನುತ್ತಾರೆ ಓಣಿಯವರು. ನಮ್ಮಲ್ಲಿ ಪರೀಕ್ಷೆಗೆ ಯಾರೂ ಒಬ್ಬರೇ ಹೋಗುವುದಿಲ್ಲವಲ್ಲ. ಮದುವೆಗೆ ಬಂದ ಹಾಗೆ ಅಣ್ಣ, ಮಾವ, ಕಾಕಾ, ಅವರ ಗೆಳೆಯರು ಬರುತ್ತಾರೆ. ಕಾಂಪೌಂಡಿನ ಹೊರಗೆ ಬೈಕುಗಳ ಸಾಲು, ಚುರುಮುರಿ-ಮಿರ್ಚಿಯ ಗಾಡಿ, ಲಾಠಿ ಬೀಸುತ್ತ ಅತ್ತಿತ್ತ ಓಡುವ ಇಬ್ಬರು ಪೊಲೀಸರು. ಒಳಗಿನವರಿಗೆ ಚೀಟಿ ಮುಟ್ಟಿಸದೆ ಹೊರಗೆ ಸುಮ್ಮನೆ ನಿಂತ ಅಣ್ಣನನ್ನು ಆಮೇಲೆ ಬೀಗರೂ ಆಡಿಕೊಳ್ಳುತ್ತಾರೆ. ನಿನಗೆ ಹತ್ತನೇ ಇಯತ್ತೆಯಲ್ಲಿ ಇಂಗ್ಲಿಷ್ ಹೋದಾಗ ರಾಯಪ್ಪ ಮಾವ ಬರುತ್ತೇನೆಂದವನು ಬರಲಿಲ್ಲ. ಮೂರು ಸಲ ಕೂತೆ, ಮೂರು ಸಲವೂ ಹೋಯಿತು, ಆಮೇಲೆ ಟ್ರ್ಯಾಕ್ಟರ್ ಹತ್ತಿದೆ. "ನನಗ ಯಾರೂ ಬರಲಿಲ್ಲ" ಎಂದು ನೀನು ಇವತ್ತಿಗೂ ಹೇಳುತ್ತೀಯ. "ನನಗೆ ಯಾರೂ ಕಲಿಸಲಿಲ್ಲ" ಎಂದು ಒಮ್ಮೆಯೂ ಹೇಳಿಲ್ಲ. ನಿನ್ನ ಆ ನೋವು ನನಗೆ ಗೊತ್ತು ಅಣ್ಣಾ. ಗೊತ್ತಿದ್ದೂ ಸಿಟ್ಟು ಬರುತ್ತದೆ.

ಆ ದಿನದ್ದನ್ನು ಕೇಳು. ನೀನು ಹೊರಗಿದ್ದವನು, ಒಳಗಿನದು ನಿನಗೆ ಗೊತ್ತಿಲ್ಲ.

ಪ್ರಶ್ನೆಪತ್ರಿಕೆ ಕೈಗೆ ಬಂತು. ಎರಡು ಸಲವೂ ಅದು ನನಗೆ ಇರುವೆಯ ಸಾಲಿನ ಹಾಗೆ ಕಂಡಿತ್ತು. ಈ ಸಲ ಓದಿದೆ. ಓದಿದ್ದು ತಿಳಿಯಿತು. ಏನು ಕೇಳುತ್ತಿದ್ದಾರೆ ಎಂದು ತಿಳಿದುಬಿಟ್ಟರೆ ಪರೀಕ್ಷೆ ಅರ್ಧ ಮುಗಿದ ಹಾಗೇ, ಆ ಸುಖ ನಿನಗೆ ಹೇಗೆ ಹೇಳಲಿ? ಬಿಟ್ಟ ಸ್ಥಳ ತುಂಬಿದೆ. ವಿರುದ್ಧ ಪದ ಬರೆದೆ. ವಾಕ್ಯ ತಿರುಗಿಸಿ ಎಂದಿದ್ದರು, ರೊಟ್ಟಿಯ ನೆನಪಾಗಿ ನಗು ಬಂತು, ತಿರುಗಿಸಿದೆ. ಕೊನೆಗೆ ಪ್ರಬಂಧ. ನಿಮ್ಮ ಊರಿನ ಸಂತೆಯ ಬಗ್ಗೆ ಬರೆಯಿರಿ ಎಂದಿತ್ತು. ಗೈಡಿನಲ್ಲಿ ಇಲ್ಲದ ಪ್ರಬಂಧ! ಸುತ್ತ ಕೂತವರೆಲ್ಲ ಅಯ್ಯೋ ಎಂದರು. ನಾನು ಬರೆಯತೊಡಗಿದೆ. ಕಟಕೋಳದ ಸಂತೆ, ಉಳ್ಳಾಗಡ್ಡಿಯ ಗುಡ್ಡೆ, ತೂಕದಲ್ಲಿ ಮೋಸ ಮಾಡಿದನೆಂದು ವ್ಯಾಪಾರಿಯ ತಕ್ಕಡಿ ಕಸಿದುಕೊಂಡು ತಾನೇ ತೂಗಿದ ನಮ್ಮ ಅವ್ವ ಶಟ್ಟೆವ್ವ. ಎಲ್ಲ ಇಂಗ್ಲಿಷಿನಲ್ಲಿ ಬಂತು. ತಪ್ಪುಗಳು ಇದ್ದಿರಬಹುದು. ಆದರೆ ಆ ವಾಕ್ಯಗಳು ನನ್ನವು. ಜೀವನದಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ನಾನು ಒಂದು ಸುದ್ದಿ ಹೇಳುತ್ತಿದ್ದೆ.

ಅವ್ವ ಇನ್ನೂ ತಕ್ಕಡಿ ಹಿಡಿದುಕೊಂಡೇ ಇದ್ದಳು, ಆಗ ಕಿಟಕಿಯಲ್ಲಿ ನಿನ್ನ ಮುಖ ಕಂಡಿತು.

ನಿನ್ನ ಗೆಳೆಯ ಲಕ್ಷ್ಮಣನ ಹೆಗಲ ಮೇಲೆ ಹತ್ತಿ ನಿಂತಿದ್ದೆಯಂತೆ, ಆಮೇಲೆ ಅವನೇ ಹೇಳಿದ. ನೀನು ಕಣ್ಣು ಹೊಡೆದು ನಕ್ಕೆ. ನಾನು ಬೇಡ ಬೇಡ ಎಂದು ತಲೆ ಅಲ್ಲಾಡಿಸಿದೆ. ನಿನಗೆ ಅದು ಬೇಗ ಒಗಿ ಎಂದಂತೆ ಕಂಡಿತೋ ಏನೋ. ಕಲ್ಲಿಗೆ ಸುತ್ತಿ ರಬ್ಬರ್ ಹಾಕಿದ ಚೀಟಿ ಕಿಟಕಿಯ ಸರಳಿಗೆ ಬಡಿದು, ಹಾರಿ, ನನ್ನ ಮುಂದಿನ ಬೆಂಚಿನಲ್ಲಿ ಬರೆಯುತ್ತಿದ್ದ ತಬಸ್ಸುಮಳ ಉತ್ತರಪತ್ರಿಕೆಯ ಮೇಲೆ ಬಿತ್ತು. ಅವಳು ಬೆಚ್ಚಿ ಕೈ ಹಿಂದೆ ಎಳೆದುಕೊಂಡಳು. ಮುಟ್ಟಲೂ ಇಲ್ಲ. ಅದೇ ಹೊತ್ತಿಗೆ ಸ್ಕ್ವಾಡಿನವರು ಬಾಗಿಲಲ್ಲಿ ಕಾಲಿಟ್ಟಿದ್ದರು.

ಅವರ ಅಧಿಕಾರಿ ಚೀಟಿ ಬಿಚ್ಚಿ ನೋಡಿದರು. ಮೊಬೈಲಿನ ಲಾಭ-ನಷ್ಟದ ಪ್ರಬಂಧ. ನಮ್ಮ ಪತ್ರಿಕೆಯಲ್ಲಿ ಅದು ಇರಲೇ ಇಲ್ಲ, ಅಣ್ಣಾ. ಯಾರೋ ಬರುತ್ತದೆ ಎಂದದ್ದನ್ನು ನಂಬಿ, ನೀನು ಗೈಡಿನಿಂದ ಒಂದೊಂದೇ ಅಕ್ಷರವನ್ನು ರಂಗೋಲಿ ಬಿಡಿಸಿದ ಹಾಗೆ ಬಿಡಿಸಿದ್ದೆ. ನಿನ್ನ ಅಕ್ಷರ ನನಗೆ ತಿಳಿಯದೇ? ನಮ್ಮ ಟ್ರೇಲರಿನ ಹಿಂದೆ ಮಾಳಪ್ಪ ಎಂದು ಅಪ್ಪನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದವನು ನೀನೇ ಅಲ್ಲವೇ, ಪ್ರತಿ ಅಕ್ಷರಕ್ಕೂ ಒಂದು ಬಾಲ ಬಿಟ್ಟು. ಪ್ರಶ್ನೆ ಇಲ್ಲದಿದ್ದರೂ ಚೀಟಿ ಚೀಟಿಯೇ ಎಂದು ಅವರು ತಬಸ್ಸುಮಳ ಪತ್ರಿಕೆ ಕಸಿದುಕೊಂಡರು. "ಬರೂದಿಲ್ಲಂದ್ರ ಮನ್ಯಾಗ ಕುಂಡ್ರಬೇಕು. ಇಂಗ್ಲೀಷ್ ಯಾಕ ಬೇಕ ನಿಮಗ?" ಎಂದರು. ಯಾರಿಗೆ ಅಂದರು ನೋಡು ಆ ಮಾತನ್ನು!

ನಾನು ಎದ್ದು ನಿಂತೆ. "ಸರ್, ಅದು ಆಕೀದಲ್ಲ. ನನ್ನ ಸಲುವಾಗಿ ಒಗದದ್ದು. ನಮ್ಮಣ್ಣ ಒಗದಾನ್ರಿ" ಎಂದೆ. ಇಡೀ ಹಾಲ್ ನನ್ನನ್ನು ನೋಡಿತು. ಅವರು ನಕ್ಕರು. "ಗೆಳತಿ ಸಲುವಾಗಿ ಜೀವಾ ಬಿಡಾಕ ಹೊಂಟಿಯೇನ? ಎಲ್ಲದಾನ ನಿಮ್ಮಣ್ಣ?" ಎಂದರು. ನಾನು ಕಿಟಕಿಯ ಕಡೆ ಕೈ ಮಾಡಿ ತೋರಿಸಿದೆ.

ಕಿಟಕಿಯಲ್ಲಿ ನೀನು ಇರಲಿಲ್ಲ.

ಅವರು ಹೋಗಿ ಬಗ್ಗಿ ನೋಡಿದರು. ಖಾಲಿ ಹಿತ್ತಲು, ಒಂದು ಮೇಕೆ. "ಕುಂಡ್ರು, ನಿನ್ನ ಪೇಪರ್ ಬರಿ, ಇಲ್ಲಾ ನಿಂದೂ ತೊಗೋತೇನಿ" ಎಂದರು. ಚೀಟಿ ಒಗೆದದ್ದನ್ನು ನಾನು ಒಂದು ದಿನ ಕ್ಷಮಿಸಿಯೇನು. ಪ್ರೀತಿಯಿಂದ ಒಗೆದೆ, ಗುರಿ ತಪ್ಪಿತು. ಆದರೆ ನಿನ್ನ ಕಣ್ಣೆದುರಿಗೇ ಅವಳ ಪತ್ರಿಕೆ ಕಸಿದರು, ಅವರ ಮಾತು ನಿನ್ನ ಕಿವಿಗೇ ಬಿತ್ತು, ಆದರೂ ನೀನು ಇಳಿದು ಓಡಿದೆ. ಬೈಕ್ ಹಿಡಿದುಕೊಂಡು ಕಾದಿದ್ದ ಸಂದೀಪ ಹೇಳಿದ, ನೀನು ಹಿಂದೆ ತಿರುಗಿಯೂ ನೋಡಲಿಲ್ಲವಂತೆ. ಒಂದು ಮಾತು ಕೂಗಬಾರದಿತ್ತೇ? "ನಾ ಒಗದೇನ್ರಿ" ಎಂದು ಎರಡು ಪದ. ಅದಕ್ಕೇನು ಇಂಗ್ಲಿಷ್ ಬೇಕಿತ್ತೇ?

ಮನೆಗೆ ಬಂದ ಮೇಲೆ ನನ್ನನ್ನೇ ಬೈದಿರಿ. ಅಪ್ಪ ಕೇಳಿದ: "ಸುಮ್ನ ಕುಂಡ್ರೂದ ಬಿಟ್ಟ ಎದ್ದ ಯಾಕ ನಿಂತಿ? ನಿನ್ನ ಪೇಪರೂ ಹೋಗತಿತ್ತಲ್ಲ." ನೀನು ಟ್ರ್ಯಾಕ್ಟರಿಗೆ ಡೀಸೆಲ್ ಹಾಕುತ್ತ, ನನ್ನ ಮುಖ ನೋಡದೆ ಅಂದೆ: "ಆಕಿ ನಸೀಬ ಖೊಟ್ಟಿ ಇತ್ತು. ನಾ ಏನ ಮಾಡ್ಲಿ?" ಮರುದಿನವೇ ಗಂಟುಮೂಟೆ ಕಟ್ಟಿಕೊಂಡು ಕಬ್ಬಿನ ಕ್ಯಾಂಪಿಗೆ ಹೊರಟೆ. ನಸೀಬವಂತೆ! ಕಲ್ಲು ಕಟ್ಟಿ ಒಗೆದವನು ನೀನು, ಖೊಟ್ಟಿ ನಸೀಬ ಅವಳದು.

ಎರಡು ದಿನ ಬಿಟ್ಟು ತಬಸ್ಸುಮಳ ಅಪ್ಪ ನಿಜಾಮಸಾಬ ಕಾಕಾ ಬಂದರು. ದಿನವೆಲ್ಲ ಬಾಡಿಗೆ ಟೆಂಪೋ ಓಡಿಸಿ ಬಂದ ಮನುಷ್ಯ, ಬೈಯಲು ಬಂದರೇನೋ ಎಂದು ನಾನು ಅಡುಗೆಮನೆಯಲ್ಲಿ ಹೆದರಿ ನಿಂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳಿದರು: "ಮಾಳಪ್ಪಣ್ಣಾ, ಹುಡುಗೂರು ತಪ್ಪ ಮಾಡ್ತಾವ. ಅರ್ಜುನ ಬಂದ ಖರೇ ಮಾತ ಒಂದ ಹೇಳಿದ್ರ ಸಾಕ ನೋಡ್ರಿ. ನಮ್ಮ ಹುಡುಗಿ ಉಣವಲ್ಲದ." ಅಪ್ಪ "ನೋಡೂಣಂತ" ಎಂದ. ಒಂದೇ ಓಣಿಯಲ್ಲಿ ಇಷ್ಟು ವರ್ಷ ಬದುಕಿದವರಿಗೆ, ರಂಜಾನಿಗೆ ಅವರ ಮನೆಯ ಸುರಕುಂಬಾ ಕುಡಿದು ಬಾಯಿ ಒರೆಸಿಕೊಂಡವರಿಗೆ, ನಮ್ಮ ಉತ್ತರ ನೋಡೂಣಂತ. ಅವರು ಅವ್ವ ಕೊಟ್ಟ ಚಹಾ ಕುಡಿದು, ಕಪ್ಪನ್ನು ತಾವೇ ಒಳಗಿಟ್ಟು ಹೋದರು.

ನಾನು ಅವರ ಮನೆಗೆ ಹೋಗದೇ ಇರಲಿಲ್ಲ. ಅಮೀರಬಿ ಚಾಚಿ ಹೊಲಿಗೆ ಯಂತ್ರದಿಂದ ಏಳಲಿಲ್ಲ. ಎಂದಿನ ಹಾಗೆ ಬಾ ಎನ್ನಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ. ತಬಸ್ಸುಮ್ ಜಾಕೀಟುಗಳಿಗೆ ಗುಂಡಿ ಹಚ್ಚುತ್ತ ಕೂತಿದ್ದಳು. ನಾನು ಇಂಗ್ಲಿಷಿನಲ್ಲಿ ಮಾತು ತೆಗೆದೆ, ಹಾಗಾದರೂ ನಗಲಿ ಎಂದು. ಅವಳು ಕನ್ನಡದಲ್ಲಿ ಹೇಳಿದಳು: "ಬಿಡ ಮಾನಂದಾ. ನಿಮ್ಮಣ್ಣಗ ಸುಮ್ನ ತ್ರಾಸ ಆಗ್ತದ. ಲಗ್ನದ ಹುಡುಗ ಅದಾನ." ನಿನ್ನ ತ್ರಾಸದ ಚಿಂತೆ ಅವಳಿಗೆ! ಆಗ ನನಗೆ ಅವಳ ಮೇಲೂ ಸಿಟ್ಟು ಬಂತು. ನನ್ನ ಬಾಯಿಂದ ಇಂಗ್ಲಿಷ್ ಆಡಿಸಿದವಳು ಈಗ ಬಸ್ಸಿನಲ್ಲಿ ಯಾವ ಭಾಷೆಯನ್ನೂ ಮಾತಾಡುವುದಿಲ್ಲ. ಕಿಟಕಿಯ ಪಕ್ಕ ಕೂತು ದುಪಟ್ಟಾ ಮುಖಕ್ಕೆ ಹೊದ್ದು ನಿದ್ದೆ ಬಂದವಳ ಹಾಗೆ ಇರುತ್ತಾಳೆ. ಅವಳಿಗೆ ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತು.

ಮೊನ್ನೆ ಫಲಿತಾಂಶ ಬಂತು. ನಾನು ಪಾಸು. ಬರೇ ಪಾಸಲ್ಲ, ಚೊಲೋ ಮಾರ್ಕ್ಸ್ ಬಂದಿವೆ. ತಬಸ್ಸುಮಳ ನಂಬರಿನ ಮುಂದೆ ತಡೆಹಿಡಿಯಲಾಗಿದೆ ಎಂದಿತ್ತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು, ಕೊನೆಯ ಮನೆಯನ್ನು ಬಿಟ್ಟು. ಅಪ್ಪನ ಫೋನಿಗೆ ನೀನು ಮಾಡಿದೆ. ನನಗೆ ಕೊಡು ಎಂದು ನಾನು ಕೇಳಿದ್ದಕ್ಕೆ ಅಪ್ಪ ಸ್ಪೀಕರ್ ಹಾಕಿದ. ನಿನ್ನ ದನಿಯಲ್ಲಿ ಎಷ್ಟು ಹಿಗ್ಗು! "ನೋಡಿದೇನವಾ, ಪಾಸಾದಿ! ನಾ ಬಂದ ನಿಂತದ್ದ ಸಾರ್ಥಕ ಆತ ನೋಡು." ಅಪ್ಪನೂ ಹೌದೆಂದ. ಸಂಜೆಗೆ ಓಣಿಯಲ್ಲೆಲ್ಲ ಅದೇ ಮಾತು: ಅಣ್ಣ ಇದ್ದದ್ದಕ್ಕೆ ಮಾನಂದಾ ಪಾಸಾದಳು.

ಅಣ್ಣಾ, ನನ್ನ ಜನ್ಮದಲ್ಲಿ ನನಗೆ ಅಷ್ಟು ಅವಮಾನ ಆಗಿಲ್ಲ. ನಿನ್ನ ಚೀಟಿಯ ಒಂದು ಅಕ್ಷರವೂ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದಿದ್ದರೂ ಅದರಿಂದ ಏನೂ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಇಬ್ಬರ ಚೀಲ ಹೊತ್ತವಳು ನಾನು. ಒಲೆಯ ಮುಂದೆ ಬೆವರುತ್ತ ವಾಕ್ಯ ತಿರುಗಿಸಿದವಳು ನಾನು. ಜನರ ನಗು ತಿಂದವಳು ನಾನು. ಕಲಿಸಿದವಳು ತಬಸ್ಸುಮ್. ಹೆಸರು ಮಾತ್ರ ನಿನಗೆ! ಕಲಿಸಿದವಳ ಬಾಯಿಗೆ ಮಣ್ಣು ಹಾಕಿ, ಕಲಿತವಳ ಕಲಿಕೆಯನ್ನು ನಿನ್ನ ಜೇಬಿಗೆ ಹಾಕಿಕೊಂಡೆ. ನಿನ್ನ ಫೋನ್ ಇಟ್ಟ ಮೇಲೆ ನಾನು ಸಕ್ಕರೆಯ ಡಬ್ಬಿ ಎತ್ತಿ ಅಂಗಳಕ್ಕೆ ಒಗೆದೆ. ಅವ್ವ ಬೈಯುತ್ತ ಇರುವೆಗಳ ನಡುವಿನಿಂದ ಬಳಿದುಕೊಂಡಳು.

ನೀನು ಯಾಕೆ ಬರುತ್ತಿಲ್ಲ ಎಂದು ನನಗೆ ಗೊತ್ತು. ಒಂದು, ಕೇಸ್ ಆದೀತು, ಹೂಲಿಯ ಬೀಗರಿಗೆ ಗೊತ್ತಾಗಿ ರೇಣುವಿನ ಜೊತೆಯ ಮದುವೆ ಮುರಿದೀತು. ಎರಡು, ಚೀಟಿ ನನಗಾಗಿ ಬಂದದ್ದು ಎಂದು ಸಾಬೀತಾದರೆ ನನ್ನ ಪಾಸು ರದ್ದಾದೀತು. ಅಪ್ಪ ಹಿಡಿದುಕೊಂಡು ಕೂತಿರುವುದು ಈ ಎರಡನೆಯದನ್ನೇ. "ಕೈಗೆ ಬಂದದ್ದನ್ನ ಯಾರರ ಚೆಲ್ಲತಾರೇನ?" ಎನ್ನುತ್ತಾನೆ.

ಮೊದಲನೆಯದಕ್ಕೆ ಕೇಳು. ರೇಣುವಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ಹೌದು, ಹೇಳಿದ್ದೇನೆ, ಬೇಕಾದಷ್ಟು ಬೈದುಕೋ. ಆಕೆ ಅಂದಳು: "ಚೀಟಿ ಒಗದಿದ್ದಕ್ಕ ನಂಗೇನ ಸಿಟ್ಟಿಲ್ಲರಿ. ನಮ್ಮಣ್ಣನೂ ಒಗದಾನ. ಖರೆ ಅವರು ಓಡಿ ಹೋದ್ರಂದ್ರಲ್ಲ, ಅದನ್ನ ನಾ ವಿಚಾರ ಮಾಡಬೇಕ್ರಿ." ನಿನ್ನ ಮದುವೆ ಮುರಿಯುವುದಾದರೆ ನೀನು ಬೆಳಗಾವಿಗೆ ಬಂದದ್ದರಿಂದ ಮುರಿಯುವುದಿಲ್ಲ, ಬರದೇ ಇದ್ದದ್ದರಿಂದ ಮುರಿದೀತು. ಇನ್ನು ಅವಳ ಮರೆಯಲ್ಲಿ ನಿಲ್ಲುವ ಹಾಗಿಲ್ಲ.

ಎರಡನೆಯದು ನನ್ನದು, ಅದನ್ನು ನಾನೇ ತೀರ್ಮಾನ ಮಾಡಿದ್ದೇನೆ. ಪಾಸು ರದ್ದಾಗುವುದಾದರೆ ಆಗಲಿ. ಮುಂದಿನ ಸಲ ಕೂರಲು ಬಿಟ್ಟರೆ ಕೂರುತ್ತೇನೆ, ಅದರ ಮುಂದಿನ ಸಲ ಎಂದರೆ ಅಲ್ಲಿಯ ತನಕ ಕಾಯುತ್ತೇನೆ. ಆ ಹಾಳೆಯ ಮೇಲಿನ ಮಾರ್ಕ್ಸ್ ಅವರು ಕಿತ್ತುಕೊಳ್ಳಬಹುದು. ನನಗೆ ಅಳು ಬರುವುದಿಲ್ಲವೆಂದಲ್ಲ, ನಿನ್ನೆ ರಾತ್ರಿಯೆಲ್ಲ ಅತ್ತಿದ್ದೇನೆ. ಅತ್ತು ಮುಗಿಸಿಯೇ ಇದನ್ನು ಬರೆಯಲು ಕೂತೆ. ನನ್ನ ಪಾಸಿಗೆ ತಬಸ್ಸುಮ್ ಬೆಲೆ ತೆರಬಾರದು, ಅಷ್ಟೇ. ಅಪ್ಪನಿಗೆ ಇದು ಹುಚ್ಚು ಅನ್ನಿಸುತ್ತದೆ. ನಿನಗೂ ಅನ್ನಿಸಲಿ.

ವಿಚಾರಣೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಮೂವರು ಕೂತಿರುತ್ತಾರಂತೆ, ಅವರ ಮುಂದೆ ಆ ಚೀಟಿ ಇರುತ್ತದಂತೆ. ದಂಡ ಹಾಕಿಯಾರು, ಪೊಲೀಸರಿಗೆ ಬರೆದಾರು. ಬರೆದರೆ ನಿನ್ನ ಜೊತೆ ಠಾಣೆಗೆ ನಾನೂ ಬರುತ್ತೇನೆ, ಬುತ್ತಿ ಕಟ್ಟಿಕೊಂಡು ಬರುತ್ತೇನೆ, ನಿನ್ನನ್ನು ಬಿಡುವ ತನಕ ಹೊರಗೆ ಕೂತಿರುತ್ತೇನೆ. ಸಿಟ್ಟಿದೆ ಎಂದು ಅಣ್ಣನನ್ನು ಬಿಟ್ಟುಕೊಡುವವಳಲ್ಲ ನಾನು. ಆದರೆ ನಿನ್ನನ್ನು ಉಳಿಸಲು ಅವಳನ್ನು ಬಿಟ್ಟುಕೊಡುವುದೂ ನನ್ನಿಂದ ಆಗದು.

ಗುರುವಾರ ಹನ್ನೊಂದು ಗಂಟೆಗೆ. ನಾನು, ತಬಸ್ಸುಮ್, ನಿಜಾಮಸಾಬ ಕಾಕಾ ಅವರ ಟೆಂಪೋದಲ್ಲೇ ಹೋಗುತ್ತಿದ್ದೇವೆ. ಅಪ್ಪನಿಗೆ ಹೇಳಿಯೇ ಹೋಗುತ್ತೇನೆ, ಬೇಡವೆಂದರೂ ಹೋಗುತ್ತೇನೆ. ಬೈಲಹೊಂಗಲದಿಂದ ನಿನಗೆ ಬೆಳಗಾವಿ ನಮಗಿಂತ ಹತ್ತಿರ. ಒಂದು ಖೇಪು ಕಬ್ಬು ಬಿಟ್ಟರೆ ಫ್ಯಾಕ್ಟರಿಯೇನೂ ನಿಲ್ಲುವುದಿಲ್ಲ. ಎಣ್ಣೆ ಹತ್ತಿದ ಅಂಗಿಯಲ್ಲೇ ಬಾ, ನಾಚಬೇಡ. ಒಳಗೆ ನಿನ್ನನ್ನು ಏನು ಕೇಳಿದರೂ ಹೆದರಬೇಡ. ಅವಳ ಮುಂದೆ ನಿಂತು ನಡೆದದ್ದನ್ನು ಹೇಳು, ಆಮೇಲೆ ಅವಳಿಗೆ ಒಂದು ಮಾತು, ತಪ್ಪಾಯಿತು ಎಂದು.

ನೀನು ಬಾರದಿದ್ದರೆ ನಾನು ಹೇಳುತ್ತೇನೆ. ಗೆಳತಿಗಾಗಿ ಸುಳ್ಳು ಹೇಳುತ್ತಾಳೆ ಎಂದು ಆ ದಿನ ನಕ್ಕರಲ್ಲ, ಈ ಸಲ ನಗಲು ಬಿಡುವುದಿಲ್ಲ. ನಮ್ಮ ಟ್ರೇಲರಿನ ಹಿಂದಿನ ನಿನ್ನ ಅಕ್ಷರದ ಫೋಟೋ ನನ್ನ ಫೋನಿನಲ್ಲಿದೆ, ಚೀಟಿಯ ಪಕ್ಕ ಇಟ್ಟು ನೋಡಿ ಎನ್ನುತ್ತೇನೆ. ಇಂಗ್ಲಿಷ್ ಯಾಕೆ ಬೇಕು ನಿಮಗೆ ಎಂದು ಕೇಳಿದರಲ್ಲ, ಅದಕ್ಕೂ ಉತ್ತರ ಕೊಡುತ್ತೇನೆ. ಎರಡು ದಿನದಿಂದ ರೊಟ್ಟಿ ಬಡಿಯುವಾಗ ನಾನು ಅಭ್ಯಾಸ ಮಾಡುತ್ತಿರುವುದು ಅದನ್ನೇ. ಅವನು ಯಾರು, ಎಲ್ಲಿ ನಿಂತಿದ್ದ, ಯಾರಿಗಾಗಿ ಒಗೆದ, ಯಾಕೆ ಓಡಿದ. ಪ್ರತಿ ವಾಕ್ಯದಲ್ಲೂ ನಿನ್ನ ಹೆಸರು ಬರುತ್ತದೆ, ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳುತ್ತೇನೆ. ಅವ್ವ ಪಕ್ಕದಲ್ಲಿ ಕೂತು ಒಲೆಗೆ ಉರಿ ಹಾಕುತ್ತಾಳೆ. ಅವಳಿಗೆ ತಿಳಿಯುವುದಿಲ್ಲ. ನಿನ್ನ ಹೆಸರು ಕೇಳಿದಾಗಲೆಲ್ಲ, ಅಣ್ಣನ ನೆನಪಾಗೇತೇನ ಎಂದು ಕೇಳುತ್ತಾಳೆ.

ನೀನು ಬಂದರೆ ಕನ್ನಡದಲ್ಲಿ ಹೇಳು, ಸಾಕು. ಬಾರದಿದ್ದರೆ ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ. ನನಗೆ ಬರುತ್ತದೆ ಅಣ್ಣಾ.

ಟ್ರ್ಯಾಕ್ಟರ್ ಮೆಲ್ಲಗೆ ಓಡಿಸು, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಗುರುವಾರದ ತನಕ ಒಳ್ಳೆಯ ಬುದ್ಧಿ ಕೊಡಲಿ, ಆಮೇಲೆ ದೀರ್ಘ ಆಯುಷ್ಯ ಕೊಡಲಿ.

ಸಿಟ್ಟಿನಲ್ಲಿರುವ, ಆದರೂ ನಿನ್ನವಳೇ ಆದ ತಂಗಿ,
ಮಹಾನಂದಾ
ಕಟಕೋಳ